ಖೀಮಾ ಸಮೋಸ ಎಣ್ಣೇಲಿ ಒಡೆಯೋದ್ಯಾಕೆ?

ತಿಪಟೂರು ಕಡೆ ಬೆಳೆದ ನಮ್ಮಲ್ಲಿ ಹಲವರಿಗೆ ರಂಜಾನ್ ಸಂಜೆಯ ಖೀಮಾ ಸಮೋಸ ಅಂದ್ರೆ ಬಾಲ್ಯದ ರುಚಿ. ಮನೇಲಿ ಮಾಡಿದಾಗ ಅದು ಎಣ್ಣೆಯಲ್ಲೇ ಬಾಯಿಬಿಡುವುದಕ್ಕೆ ಮುಖ್ಯ ಕಾರಣ ನೀರು. ನೀರು ಆವಿಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತೆ. ತೆಳು ಹಾಳೆ ತಡೆಯಲ್ಲ.

ಕಾಲು ಕೆಜಿ ಖೀಮಾಗೆ ಈರುಳ್ಳಿ, ಶುಂಠಿ-ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಗರಂ ಮಸಾಲೆ, ಉಪ್ಪು ಹಾಕಿ ಬೇಯಿಸಿ, ನೀರು ಪೂರ್ತಿ ಇಂಗೋವರೆಗೂ ಹುರಿಯೋಣ. ಹಸಿ ಕಾಯಿತುರಿ ಬೇಡ, ಅದರಲ್ಲಿ ಹತ್ತಿರತ್ತಿರ ಅರ್ಧ ನೀರೇ. ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿದ ನಮ್ಮ ಉಂಡೆ ಕೊಬ್ಬರಿಯ ತುರಿ ಎರಡು ಚಮಚ ಸಾಕು. ಪೂರ್ತಿ ಆರಿದ ಮೇಲೆ ತುಂಬಿ, ಅಂಚಿಗೆ ಮೈದಾ ಅಂಟು ಹಚ್ಚಿ, ಹದವಾದ ಉರಿಯಲ್ಲಿ ಕರಿಯೋಣ.

ಮನೆಯ ಹಿರಿಯರು ಅಳತೆ ಬರೆದಿಟ್ಟಿಲ್ಲ, ಎಲ್ಲಾ ಕೈಯಂದಾಜು. ಕೆಲಸ ಸಿಕ್ಕಿ ಊರು ಬಿಡೋ ಮೊದಲು ಒಲೆ ಪಕ್ಕ ನಿಂತು ಕಲಿತುಬಿಡೋಣ.