ಪರಿಹಾರಕ್ಕಿರುವ ಉತ್ಸಾಹ ಸಿದ್ಧತೆಗೆ ಏಕಿಲ್ಲ?

ಒಡಿಶಾದ ಕರಾವಳಿಗೆ 1999ರ ಅಕ್ಟೋಬರ್ 29ರಂದು ಅಪ್ಪಳಿಸಿದ ಮಹಾ ಚಂಡಮಾರುತ ಸುಮಾರು ಹತ್ತು ಸಾವಿರ ಜನರನ್ನು ಬಲಿ ತೆಗೆದುಕೊಂಡಿತು. ಇದು ಸರ್ಕಾರಿ ಲೆಕ್ಕ. ಹದಿನಾಲ್ಕು ವರ್ಷಗಳ ತರುವಾಯ, 2013ರ ಅಕ್ಟೋಬರ್ 12ರಂದು, ಅದೇ ರಾಜ್ಯದ ಗೋಪಾಲಪುರದ ಬಳಿ ‘ಫೈಲಿನ್’ ಚಂಡಮಾರುತ ದಡ ಸೇರಿತು. ಗಾಳಿಯ ವೇಗ ಗಂಟೆಗೆ 200 ಕಿ.ಮೀ. ಮೀರಿತ್ತು. ಈ ಬಾರಿ ಒಡಿಶಾದಲ್ಲಿ ಸತ್ತವರ ಸಂಖ್ಯೆ ಐವತ್ತನ್ನು ಮುಟ್ಟಲಿಲ್ಲ. ಈ ನಡುವಿನ ಅವಧಿಯಲ್ಲಿ ಸಮುದ್ರವೇನೂ ಸೌಮ್ಯವಾಗಿರಲಿಲ್ಲ. ರಾಜ್ಯವೂ ದೇಶದ ಸಿರಿವಂತ ರಾಜ್ಯಗಳ ಸಾಲಿಗೆ ಸೇರಿರಲಿಲ್ಲ. ಹಾಗಾದರೆ ಬದಲಾದದ್ದು ಏನು?

ವಿಪತ್ತು ನಿರ್ವಹಣೆಯ ಬಗ್ಗೆ ಮಾತು ಬಂದಾಗಲೆಲ್ಲ ನಾನು ಈ ಪ್ರಶ್ನೆಗೆ ಮರಳುತ್ತೇನೆ. ಏಕೆಂದರೆ ಇದರ ಉತ್ತರದಲ್ಲಿ ಪವಾಡವಿಲ್ಲ; ಬೇರೆಯವರು ಅನುಕರಿಸಲಾಗದ ಯಾವ ಗುಟ್ಟೂ ಇಲ್ಲ.

1999ರಲ್ಲಿ ಹವಾಮಾನ ಇಲಾಖೆ ಮುನ್ಸೂಚನೆ ಕೊಟ್ಟಿರಲಿಲ್ಲವೆಂದಲ್ಲ. ಆದರೆ ಎಚ್ಚರಿಕೆಯನ್ನು ಕೇಳಿದ ಮೀನುಗಾರ ತನ್ನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗುವುದಾದರೂ ಎಲ್ಲಿಗೆ? ಇಡೀ ಕರಾವಳಿಗೆ ಆಗ ಇದ್ದದ್ದು ರೆಡ್‌ಕ್ರಾಸ್ ಸಂಸ್ಥೆ ಕಟ್ಟಿಸಿದ್ದ 23 ಆಶ್ರಯ ಕಟ್ಟಡಗಳು ಮಾತ್ರ. ಜಗತ್‌ಸಿಂಗ್‌ಪುರ ಜಿಲ್ಲೆಯ ಎರಸಮಾ ಭಾಗದಲ್ಲಿ ಸಮುದ್ರದ ನೀರು ಒಳನಾಡಿಗೆ ನುಗ್ಗಿ ಊರೂರನ್ನೇ ಗುಡಿಸಿಕೊಂಡು ಹೋಯಿತು. ರಸ್ತೆ, ವಿದ್ಯುತ್, ದೂರವಾಣಿ ಎಲ್ಲವೂ ಕಡಿದುಹೋದವು. ಸಂಕಷ್ಟದ ಗಾತ್ರ ಎಷ್ಟೆಂಬುದು ರಾಜಧಾನಿಗೆ ತಿಳಿಯುವುದಕ್ಕೇ ದಿನಗಳು ಹಿಡಿದವು.

ಆ ದುರಂತದ ಬೆನ್ನಲ್ಲೇ, ಅದೇ ವರ್ಷದ ಡಿಸೆಂಬರ್‌ನಲ್ಲಿ, ಒಡಿಶಾ ಸರ್ಕಾರ ವಿಪತ್ತು ನಿರ್ವಹಣೆಗಾಗಿಯೇ ಪ್ರತ್ಯೇಕ ಪ್ರಾಧಿಕಾರವೊಂದನ್ನು ರಚಿಸಿತು. ಕೇಂದ್ರದ ವಿಪತ್ತು ನಿರ್ವಹಣಾ ಕಾಯ್ದೆ ಬಂದದ್ದು ಅದಾಗಿ ಆರು ವರ್ಷಗಳ ನಂತರ, 2005ರಲ್ಲಿ. 2001ರಲ್ಲಿ ರಾಜ್ಯವು ತನ್ನದೇ ಕ್ಷಿಪ್ರ ಕಾರ್ಯಪಡೆಯನ್ನು ಕಟ್ಟಿಕೊಂಡಿತು. ಕರಾವಳಿಯಲ್ಲಿ ಕಂಬಗಳ ಮೇಲೆ ಎತ್ತರದಲ್ಲಿ ನಿಲ್ಲುವ ಆಶ್ರಯ ಕಟ್ಟಡಗಳು ಒಂದೊಂದಾಗಿ ಎದ್ದವು. ಇಂದು ಅವುಗಳ ಸಂಖ್ಯೆ 800 ಮೀರಿದೆ. ಅವುಗಳಲ್ಲಿ ಅನೇಕ ಕಟ್ಟಡಗಳು ಉಳಿದ ದಿನಗಳಲ್ಲಿ ಶಾಲೆಗಳಾಗಿಯೋ ಊರಿನ ಸಭಾಂಗಣಗಳಾಗಿಯೋ ಬಳಕೆಯಾಗುತ್ತವೆ. ಇದರಲ್ಲಿ ದೊಡ್ಡ ವಿವೇಕವಿದೆ. ವರ್ಷಕ್ಕೊಮ್ಮೆ ಬೀಗ ತೆಗೆಯುವ ಕಟ್ಟಡದ ಬೀಗದ ಕೈ ಯಾರ ಬಳಿ ಇದೆಯೆಂಬುದು ಬೇಕಾದ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. ಮಕ್ಕಳು ದಿನವೂ ಪಾಠ ಕೇಳುವ ಕಟ್ಟಡದ ದಾರಿಯನ್ನು ಕತ್ತಲಲ್ಲೂ ಯಾರೂ ತಪ್ಪುವುದಿಲ್ಲ.

ಕಟ್ಟಡದ ಉಸ್ತುವಾರಿಗೆ ಊರಿನವರದೇ ಸಮಿತಿ. ಬಿದ್ದ ಮರ ಕತ್ತರಿಸುವ ಯಂತ್ರದ ಗರಗಸ, ಸ್ಟ್ರೆಚರ್, ದೀಪ ಇವೆಲ್ಲ ಅವರ ವಶದಲ್ಲಿರುತ್ತವೆ. ಚಂಡಮಾರುತ ಇಲ್ಲದ ದಿನಗಳಲ್ಲಿ ಅಣಕು ಕಾರ್ಯಾಚರಣೆ ನಡೆಯುತ್ತದೆ. ವೃದ್ಧರನ್ನು ಎತ್ತಿಕೊಂಡು ಹೋಗುವವರು ಯಾರು, ಗರ್ಭಿಣಿಯರು ಯಾವ ಮನೆಯಲ್ಲಿದ್ದಾರೆ, ಜಾನುವಾರುಗಳ ಹಗ್ಗ ಬಿಚ್ಚುವವರು ಯಾರು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಕರಾವಳಿಯುದ್ದಕ್ಕೂ ಏಕಕಾಲಕ್ಕೆ ಮೊಳಗುವ 122 ಸೈರನ್ ಗೋಪುರಗಳು ಬಂದದ್ದು ಇವೆಲ್ಲ ಆದ ಮೇಲೆ, 2018ರಲ್ಲಿ.

ಫೈಲಿನ್ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು, 2019ರ ಮೇ 3ರಂದು ‘ಫನಿ’ ಪುರಿಯನ್ನು ಅಪ್ಪಳಿಸುವ ಮುನ್ನ ಸುಮಾರು ಹನ್ನೆರಡು ಲಕ್ಷ ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಯಿತು. ಇಷ್ಟು ಜನರನ್ನು ಪೊಲೀಸರ ಲಾಠಿಯಿಂದ ಎಬ್ಬಿಸಲಾಗದು. ಮನೆ ಬಿಟ್ಟರೆ ಪಾತ್ರೆ ಪಗಡೆ ಕಳುವಾದೀತು, ದನಕರು ಸತ್ತಾವು, ಹೆಣ್ಣುಮಕ್ಕಳು ಜನಜಂಗುಳಿಯ ನಡುವೆ ರಾತ್ರಿ ಕಳೆಯುವುದು ಹೇಗೆ ಎಂಬ ಆತಂಕಗಳು ಚಂಡಮಾರುತದ ಭಯಕ್ಕಿಂತ ದೊಡ್ಡವು. ಅವಕ್ಕೆ ಉತ್ತರ ಸಿಕ್ಕರೆ ಮಾತ್ರ ಬಡವನ ಕಾಲು ಹೊಸ್ತಿಲು ದಾಟುತ್ತದೆ. ‘ಏಳಿ, ಹೊರಡೋಣ’ ಎಂದು ಬಾಗಿಲು ಬಡಿಯುವವನು ಅಪರಿಚಿತ ಅಧಿಕಾರಿಯಲ್ಲ, ಪಕ್ಕದ ಬೀದಿಯ ಹುಡುಗ ಎಂಬುದು ಇಲ್ಲಿ ಎಲ್ಲಕ್ಕಿಂತ ಮುಖ್ಯ.

ಇದನ್ನು ಯಶೋಗಾಥೆಯೆಂದು ಹೊಗಳಿ ಮುಗಿಸುವಂತಿಲ್ಲ. ಫನಿಯಿಂದ ಒಡಿಶಾದಲ್ಲಿ 64 ಜನ ಸತ್ತರು. ಜೀವ ಉಳಿದವರು ಹಿಂದಿರುಗಿ ಬಂದಾಗ ಲಕ್ಷಾಂತರ ಮನೆಗಳಿಗೆ ಸೂರಿರಲಿಲ್ಲ. ಪುರಿಯಲ್ಲಿ ವಿದ್ಯುತ್ತಿಗಾಗಿ ವಾರಗಟ್ಟಲೆ ಕಾಯಬೇಕಾಯಿತು. ಜೀವ ಉಳಿಸುವುದನ್ನು ಕಲಿತ ರಾಜ್ಯ ಬದುಕು ಉಳಿಸುವುದನ್ನು ಇನ್ನೂ ಕಲಿಯಬೇಕಿದೆ. ಆದರೂ ಮೊದಲನೆಯದನ್ನೇ ಕಲಿಯದವರು ಎರಡನೆಯದರ ಬಗ್ಗೆ ಮಾತನಾಡುವುದು ಹೇಗೆ?

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. 2005ರ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಪ್ರಾಧಿಕಾರಕ್ಕೆ ಪ್ರಧಾನಿ, ರಾಜ್ಯ ಪ್ರಾಧಿಕಾರಕ್ಕೆ ಮುಖ್ಯಮಂತ್ರಿ, ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು. ಪ್ರತಿ ಜಿಲ್ಲೆಗೂ ಯೋಜನೆ ಇರಬೇಕು. ಕೊರತೆ ಇರುವುದು ಆಸಕ್ತಿಗೆ, ಮತ್ತು ಅದಕ್ಕೆ ಸಕಾರಣವೂ ಇದೆ. ಸಿದ್ಧತೆ ಕಣ್ಣಿಗೆ ಕಾಣುವುದಿಲ್ಲ. ನೆರೆ ಬಂದಾಗ ಮಂತ್ರಿಗಳು ವೈಮಾನಿಕ ಸಮೀಕ್ಷೆ ನಡೆಸುತ್ತಾರೆ, ಪರಿಹಾರದ ಚೆಕ್ ವಿತರಿಸುತ್ತಾರೆ. ಅದು ಮರುದಿನದ ಪತ್ರಿಕೆಯ ಮುಖಪುಟ ಸೇರುತ್ತದೆ. ಚರಂಡಿಯ ಹೂಳೆತ್ತಿಸಿದ್ದರಿಂದ ಬಾರದೇ ಹೋದ ನೆರೆಯ ಚಿತ್ರವನ್ನು ಯಾರೂ ತೆಗೆಯಲಾರರು. ಆಂಡ್ರ್ಯೂ ಹೀಲಿ ಮತ್ತು ನೀಲ್ ಮಲ್ಹೋತ್ರಾ ಎಂಬ ವಿದ್ವಾಂಸರು ಅಮೆರಿಕದ ಚುನಾವಣೆಗಳನ್ನು ಅಭ್ಯಸಿಸಿ 2009ರಲ್ಲಿ ಪ್ರಕಟಿಸಿದ ಲೇಖನವೊಂದು ಇದನ್ನೇ ಅಂಕಿಗಳಲ್ಲಿ ಹೇಳಿತು. ಮತದಾರರು ಪರಿಹಾರಕ್ಕೆ ಖರ್ಚು ಮಾಡಿದವರನ್ನು ಪುರಸ್ಕರಿಸುತ್ತಾರೆ, ಸಿದ್ಧತೆಗೆ ಖರ್ಚು ಮಾಡಿದವರನ್ನಲ್ಲ. ಸಿದ್ಧತೆಗೆ ಹಾಕಿದ ಒಂದು ಡಾಲರ್ ಮುಂದಿನ ಸುಮಾರು ಹದಿನೈದು ಡಾಲರ್ ನಷ್ಟವನ್ನು ತಡೆಯುತ್ತದೆಂಬ ಅಂದಾಜನ್ನೂ ಅವರು ಕೊಟ್ಟಿದ್ದರು.

ನಮ್ಮ ಹಣಕಾಸಿನ ಹಂಚಿಕೆಯೂ ಇದೇ ಜಾಡಿನದು. 2021–26ರ ಅವಧಿಗೆ 15ನೇ ಹಣಕಾಸು ಆಯೋಗವು ರಾಜ್ಯಗಳ ವಿಪತ್ತು ನಿಧಿಯಲ್ಲಿ ಶೇ 20ರಷ್ಟನ್ನು ಅಪಾಯ ತಗ್ಗಿಸುವ ಕೆಲಸಗಳಿಗೂ ಶೇ 10ರಷ್ಟನ್ನು ಪೂರ್ವಸಿದ್ಧತೆಗೂ ಮೀಸಲಿಟ್ಟಿತು. ಉಳಿದ ಶೇ 70ರಷ್ಟು ವಿಪತ್ತು ಘಟಿಸಿದ ನಂತರದ ವೆಚ್ಚಕ್ಕೆ. ಹಿಂದೆ ಇಷ್ಟಾದರೂ ಪ್ರತ್ಯೇಕವಾಗಿ ಇರಲಿಲ್ಲವಾದ್ದರಿಂದ ಇದನ್ನು ಸ್ವಾಗತಿಸಬೇಕು. ಆದರೆ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಗಾದೆಯ ನೆರಳು ಈ ಅಂಕಿಗಳ ಮೇಲೆ ಇನ್ನೂ ಇದೆ.

ದೂರನ್ನೆಲ್ಲ ಸರ್ಕಾರದ ಮೇಲೆಯೇ ಹೊರಿಸುವಂತೆಯೂ ಇಲ್ಲ. ನಾನು ವಾಸಿಸುವ ವಸತಿ ಸಮುಚ್ಚಯದ ಸಭೆಯೊಂದರಲ್ಲಿ, ಬೆಂಕಿ ಬಿದ್ದರೆ ಎಲ್ಲರೂ ಕೆಳಗಿಳಿಯುವ ಅಭ್ಯಾಸವನ್ನು ಒಂದು ಭಾನುವಾರ ಮಾಡೋಣವೆಂದು ಸೂಚಿಸಿದೆ. ಹಿರಿಯರೊಬ್ಬರು ಕೂಡಲೇ, ‘ಬಿಡ್ತು ಅನ್ನಿ ಸ್ವಾಮಿ, ಒಳ್ಳೆಯ ಮಾತಾಡಿ’ ಎಂದರು. ಸಭೆ ನಕ್ಕು ಮುಂದಿನ ವಿಷಯಕ್ಕೆ ಹೋಯಿತು. ಮೆಟ್ಟಿಲ ಸಾಲಿನಲ್ಲಿ ಮಕ್ಕಳ ಸೈಕಲ್ಲು, ಹಳೆಯ ಹಾಸಿಗೆ, ಷೂ ಇಡುವ ಕಪಾಟುಗಳು ಎಂದಿನಂತೆ ಉಳಿದವು. ಕೆಟ್ಟದ್ದನ್ನು ಬಾಯಲ್ಲಿ ಹೇಳಿದರೆ ಅದು ನಿಜವಾಗಿಬಿಡುತ್ತದೆಂಬ ಅಳುಕು ನಮ್ಮಲ್ಲಿ ಆಳವಾಗಿದೆ. 2010ರ ಫೆಬ್ರುವರಿಯಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ, ಹೊಗೆಗೆ ಒಂಬತ್ತು ಜನ ಬಲಿಯಾದದ್ದನ್ನು ಈ ನಗರ ನೋಡಿದೆ. ಅಂಥದ್ದನ್ನು ಕಂಡ ಮೇಲೂ ಅಭ್ಯಾಸವನ್ನು ಅಪಶಕುನವೆಂದು ಕರೆಯುವುದು ಸರಿಯೇ?

ಕರ್ನಾಟಕದ ಮಟ್ಟಿಗೆ ತುರ್ತಾದ ಪ್ರಶ್ನೆ ಗುಡ್ಡಗಳದು. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಕುಸಿದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಜರಿದು, ಚಹಾ ಅಂಗಡಿಯನ್ನೂ ನಿಂತಿದ್ದ ವಾಹನಗಳನ್ನೂ ಗಂಗಾವಳಿ ನದಿಗೆ ದೂಡಿತು. ಅದೇ ತಿಂಗಳ 30ರಂದು ನೆರೆಯ ವಯನಾಡಿನಲ್ಲಿ ಇನ್ನೂರಕ್ಕೂ ಹೆಚ್ಚು ಜನ ಮಣ್ಣಿನಡಿ ಹೋದರು. ಶಿರೂರಿನ ನದಿಯಿಂದ ಒಂದು ಲಾರಿಯನ್ನು ಮೇಲೆತ್ತಲು ಎರಡು ತಿಂಗಳಿಗೂ ಹೆಚ್ಚು ಕಾಲ ಶೋಧ ನಡೆಯಿತು. ದೇಶವೇ ಅದನ್ನು ನೋಡುತ್ತಿತ್ತು. ರಸ್ತೆಗಾಗಿ ಗುಡ್ಡವನ್ನು ಕಡಿದಾಗ ಅದರ ಇಳಿಜಾರನ್ನು ಯಾರು ಪರೀಕ್ಷಿಸಿದರು ಎಂದು ಕೇಳುವವರಿಗೆ ಅಂಥ ವೀಕ್ಷಕರು ಸಿಗಲಿಲ್ಲ.

ಚಂಡಮಾರುತ ದಿನಗಳ ಮುಂಚೆಯೇ ಸುಳಿವು ಕೊಡುತ್ತದೆ. ಭೂಕುಸಿತ ಕೊಡುವುದು ಗಂಟೆಗಳನ್ನು ಮಾತ್ರ. ಆ ಸುಳಿವು ಇರುವುದು ಮಳೆಯ ಲೆಕ್ಕದಲ್ಲಿ. ಈ ವಿಷಯದಲ್ಲಿ ನಾವು ಬಡವರಲ್ಲ. 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿ ಬೆಳೆದ ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಸ್ವಯಂಚಾಲಿತ ಮಳೆಮಾಪಕಗಳನ್ನು ಅಳವಡಿಸಿದೆ. ಹದಿನೈದು ನಿಮಿಷಕ್ಕೊಮ್ಮೆ ಮಾಹಿತಿ ಬರುತ್ತದೆ. ಆದರೆ ಎಷ್ಟು ಮಿಲಿಮೀಟರ್ ಮಳೆ ಸುರಿದರೆ ಯಾವ ಗುಡ್ಡದ ಬುಡದ ಯಾವ ಮನೆಯವರು ಎಲ್ಲಿಗೆ ಹೋಗಬೇಕು ಎಂಬುದು ಆ ಮನೆಯವರಿಗೆ ತಿಳಿದಿದೆಯೇ? ಹೊರಡಿ ಎಂದು ಹೇಳುವ ಅಧಿಕಾರ ರಾತ್ರಿ ಎರಡು ಗಂಟೆಗೆ ಯಾರ ಕೈಯಲ್ಲಿದೆ? ಹಾಂಗ್‌ಕಾಂಗ್‌ನಲ್ಲಿ 1972ರಲ್ಲಿ ಎರಡು ಭೂಕುಸಿತಗಳು ಒಂದೇ ದಿನ 138 ಜನರನ್ನು ಕೊಂದವು. 1976ರಲ್ಲಿ ಮತ್ತೊಂದು ದುರಂತವಾಯಿತು. 1977ರಿಂದ ಅಲ್ಲಿನ ಇಳಿಜಾರುಗಳ ಮೇಲೆ ನಿಗಾ ಇಡಲು ಪ್ರತ್ಯೇಕ ತಾಂತ್ರಿಕ ಕಚೇರಿಯಿದೆ. ಮಳೆ ಗೊತ್ತುಪಡಿಸಿದ ಮಟ್ಟ ತಲುಪುತ್ತಿದ್ದಂತೆ ಅಲ್ಲಿ ಭೂಕುಸಿತದ ಎಚ್ಚರಿಕೆ ಹೊರಡುತ್ತದೆ.

ನಗರಗಳಿಗೂ ಇದೇ ಮಾತು. 2022ರ ಸೆಪ್ಟೆಂಬರ್‌ನ ಮಳೆಯಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಕೆರೆಯಾಯಿತು. ಅದೇ ವೇಳೆಗೆ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಪಂಪಿಂಗ್ ಕೇಂದ್ರಕ್ಕೆ ನೀರು ನುಗ್ಗಿ ರಾಜಧಾನಿಯ ಕುಡಿಯುವ ನೀರಿನ ಪೂರೈಕೆಗೇ ಅಡ್ಡಿಯಾಯಿತು. ಬೀದಿ ತುಂಬ ನೀರು, ನಲ್ಲಿಯಲ್ಲಿ ಮಾತ್ರ ಇಲ್ಲ. ಒಂದು ಸಂಕಷ್ಟ ಇನ್ನೊಂದನ್ನು ಹೇಗೆ ಎಳೆದು ತರುತ್ತದೆಂಬ ಲೆಕ್ಕ ಸಿದ್ಧತೆಯ ಮೊದಲ ಪಾಠವಾಗಬೇಕು.

ಇದೇ ನಗರ ಹಿಂದೊಮ್ಮೆ ಈ ಪಾಠವನ್ನು ಚೆನ್ನಾಗಿಯೇ ಕಲಿತಿತ್ತು. 1898ರಲ್ಲಿ ಪ್ಲೇಗ್ ಬಂದಾಗ ಜನ ಊರಾಚೆ ಷೆಡ್ಡುಗಳಲ್ಲಿ ವಾಸಿಸಿದರು. ಪ್ಲೇಗ್ ನಿಯಂತ್ರಣದ ಕೆಲಸಗಳ ಹೊಂದಾಣಿಕೆಗೆಂದು ಆಗಲೇ ದೂರವಾಣಿ ತಂತಿಗಳನ್ನು ಎಳೆಯಲಾಯಿತು. ಇಕ್ಕಟ್ಟಾದ ಪೇಟೆಯ ಬದಲು ಗಾಳಿ ಬೆಳಕು ಆಡುವ ವಿಶಾಲ ಬೀದಿಗಳ ಮಲ್ಲೇಶ್ವರ, ಬಸವನಗುಡಿಗಳು ರೂಪುಗೊಂಡವು. ಆ ಕಾಲದ ಇನ್ನೊಂದು ಪಾಠ ಪುಣೆಯದು. ಅಲ್ಲಿ ಸೈನಿಕರು ಮನೆ ಮನೆಗೆ ನುಗ್ಗಿ ನಡೆಸಿದ ತಪಾಸಣೆ ಜನರನ್ನು ಎಷ್ಟು ಕೆರಳಿಸಿತೆಂದರೆ, ಪ್ಲೇಗ್ ಅಧಿಕಾರಿ ರ‍್ಯಾಂಡ್ 1897ರ ಜೂನ್‌ನಲ್ಲಿ ಗುಂಡೇಟಿಗೆ ಗುರಿಯಾದ. ನಂಬಿಕೆಯಿಲ್ಲದ ಕಡೆ ಬಲಪ್ರಯೋಗ ರೋಗಿಯನ್ನು ಅಡಗಿಸುತ್ತದೆಯೇ ಹೊರತು ರೋಗವನ್ನು ತಡೆಯುವುದಿಲ್ಲ.

ಹಾಗಾಗಿ ಬೇಡಿಕೆಗಳನ್ನು ಚಿಕ್ಕದಾಗಿಯೂ ನಿರ್ದಿಷ್ಟವಾಗಿಯೂ ಇಡುವುದು ಲೇಸೆಂದು ನನಗನ್ನಿಸುತ್ತದೆ. ಮಲೆನಾಡು, ಕೊಡಗು, ಕರಾವಳಿಯ ಪ್ರತಿ ಗ್ರಾಮ ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಅಪಾಯದ ಮನೆಗಳ ಪಟ್ಟಿ, ಮಳೆಯ ಮಿತಿ, ಆಶ್ರಯದ ಸ್ಥಳ, ಹೊಣೆ ಹೊತ್ತವರ ಹೆಸರು ಇರಲಿ. ಮುಂಗಾರಿಗೆ ಮುನ್ನ ಒಂದು ಗ್ರಾಮಸಭೆ ಇದಕ್ಕಾಗಿಯೇ ನಡೆಯಲಿ. ಅದರಲ್ಲಿ ಹೆಂಗಸರ ಮಾತು ಮೊದಲು ಕೇಳಲಿ, ಏಕೆಂದರೆ ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆಂದು ಅವರಿಗೆ ಗೊತ್ತಿರುತ್ತದೆ. ಕಳೆದ ವರ್ಷ ಸಿದ್ಧತೆಗೆಂದು ಬಂದ ಹಣ ಯಾವುದಕ್ಕೆ ಹೋಯಿತೆಂಬ ಲೆಕ್ಕವನ್ನು ಜಿಲ್ಲಾಡಳಿತ ಪ್ರಕಟಿಸಲಿ. ಮತ ಕೇಳಲು ಬಂದವರಿಗೆ ನಾವು ಕೇಳಬೇಕಾದ ಪ್ರಶ್ನೆಯೂ ಇದೇ: ನೆರೆ ಬಂದಾಗ ಎಷ್ಟು ಕೊಟ್ಟಿರಿ ಎಂದಲ್ಲ, ಬರುವ ಮುನ್ನ ಏನು ಮಾಡಿದಿರಿ ಎಂದು. ನಾನಂತೂ ನಮ್ಮ ಸಮುಚ್ಚಯದ ಮುಂದಿನ ಸಭೆಯಲ್ಲಿ ಅದೇ ಅಪಶಕುನದ ಸೂಚನೆಯನ್ನು ಮತ್ತೆ ಮಂಡಿಸಲಿದ್ದೇನೆ.