ದನದ ದೊಡ್ಡಿಯ ಧೂಳು: ಅದರಲ್ಲಿ ಮಣ್ಣಿನ ಪಾಲನ್ನು ಅಳೆಯುವ ಕ್ರಮ

ದನಗಳು ಮನೆಗೆ ಮರಳುವ ವೇಳೆಯನ್ನು ನಮ್ಮ ಹಿರಿಯರು ಗೋಧೂಳಿಯೆಂದು ಕರೆದಿರುವುದು ಸರ್ವರಿಗೂ ವಿದಿತವಾಗಿದೆ. ಹತ್ತಾರು ದನಗಳ ಗೊರಸಿನಿಂದೇಳುವ ಧೂಳು ಅಷ್ಟಾಗಿ ಬಾಧಕವಲ್ಲ. ಆದರೆ ಸಾವಿರಾರು ದನಗಳನ್ನು ಒಂದೆಡೆ ಕೂಡಿಟ್ಟು ಸಾಕುವಲ್ಲಿ ಅದೇ ಧೂಳು ಕೆಲಸಗಾರರ ಶ್ವಾಸಕೋಶಕ್ಕೆ ಕೇಡನ್ನೂ ನೆರೆಹೊರೆಯಲ್ಲಿ ವ್ಯಾಜ್ಯವನ್ನೂ ತರಬಲ್ಲದು.

ಅಮೆರಿಕ ದೇಶದ ಟೆಕ್ಸಸ್ ಸಂಸ್ಥಾನದಲ್ಲಿ, ಅಮರಿಲ್ಲೊ ಪಟ್ಟಣದ ಸುತ್ತಲೂ, ಇಂತಹ ದೊಡ್ಡಿಗಳು ಬಹಳವಾಗಿವೆ. ಅಲ್ಲಿ ಮಳೆಯು ವರ್ಷಕ್ಕೆ ಸುಮಾರು 20 ಅಂಗುಲ ಮಾತ್ರ, ಗಾಳಿಯು ಹೆಚ್ಚು. ಬಯಲು ದೊಡ್ಡಿಯಲ್ಲಿ ಸಗಣಿಯು ಒಣಗಿ, ಮಣ್ಣಿನೊಡನೆ ಬೆರೆತು, ಗೊರಸಿನಡಿಯಲ್ಲಿ ಪುಡಿಯಾಗುವುದು. ಸುತ್ತಲೂ ಉತ್ತ ಹೊಲಗಳೂ ಮಣ್ಣಿನ ರಸ್ತೆಗಳೂ ಇರುವಾಗ, ಧೂಳು ಯಾರದೆಂಬುದನ್ನು ಕಣ್ಣಳತೆಯಿಂದ ನಿರ್ಣಯಿಸಲಾಗದು.

ಮೊದಲನೆಯ ಅಳತೆ:— 10 ಮೈಕ್ರಾನಿಗಿಂತ ಸಣ್ಣದಾದ ಕಣಗಳು ಉಸಿರಿನೊಡನೆ ಎದೆಯೊಳಕ್ಕೆ ಇಳಿಯುತ್ತವೆ. ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನು. ನಿಮಿಷಕ್ಕೆ 16.7 ಲೀಟರಿನಂತೆ ಗಾಳಿಯನ್ನು ಸೆಳೆಯುವ ಯಂತ್ರವು ಈ ಕಣಗಳನ್ನು ಶೋಧಕ ಹಾಳೆಯ ಮೇಲೆ ಹಿಡಿಯುವುದು. 24 ಗಂಟೆಗಳಲ್ಲಿ 24 ಘನ ಮೀಟರು ಗಾಳಿಯು ಹಾದುಹೋಗುವುದು. ದೊಡ್ಡಿಯ ಮೇಲ್ಗಾಳಿಯ ಕಡೆಗೊಂದು, ಕೆಳಗಾಳಿಯ ಕಡೆಗೊಂದು ಯಂತ್ರವನ್ನಿಡಬೇಕು. ಉದಾಹರಣೆಗೆ, ಮೇಲ್ಗಾಳಿಯ ಹಾಳೆಯ ತೂಕವು 1.2 ಮಿಲಿಗ್ರಾಂ, ಕೆಳಗಾಳಿಯದು 4.8 ಮಿಲಿಗ್ರಾಂ ಹೆಚ್ಚಿತೆಂದು ಭಾವಿಸೋಣ. ಆಗ ಘನ ಮೀಟರಿಗೆ ಕ್ರಮವಾಗಿ 50 ಮತ್ತು 200 ಮೈಕ್ರೊಗ್ರಾಂ ಧೂಳಿದ್ದಂತಾಯಿತು. ವ್ಯತ್ಯಾಸವಾದ 150 ಮಾತ್ರ ಎರಡು ಯಂತ್ರಗಳ ನಡುವೆ ಸೇರಿದ್ದು. ನಮ್ಮ ದೇಶದಲ್ಲಿ 2009ರಲ್ಲಿ ಗೊತ್ತುಮಾಡಿದ 24 ಗಂಟೆಗಳ ಮಿತಿಯು 100.

ಎರಡನೆಯ ಅಳತೆ:— ಈ 150ರಲ್ಲಿ ಮಣ್ಣೆಷ್ಟು? ಕ್ಷಕಿರಣಗಳ ಸಹಾಯದಿಂದ ಹಾಳೆಯಲ್ಲಿನ ಮೂಲವಸ್ತುಗಳನ್ನು ಅಳೆಯುವರು. ಅಲ್ಯುಮಿನಿಯಂ, ಸಿಲಿಕಾನ್, ಕಬ್ಬಿಣ, ಟೈಟಾನಿಯಂ ಇವು ಮಣ್ಣಿನ ಗುರುತುಗಳು. ಸಾವಯವ ಇಂಗಾಲ, ರಂಜಕ ಇವು ಅಧಿಕವಾಗಿದ್ದರೆ ಸಗಣಿಯ ಗುರುತು. ಆದರೆ ಹುಲ್ಲಿನಲ್ಲಿಯೂ ಸಿಲಿಕಾನ್ ಇರುವುದರಿಂದ ಅದೊಂದನ್ನೇ ನಂಬಲಾಗದು. ಸಸ್ಯಗಳು ಬಹಳ ಕಡಿಮೆಯಾಗಿ ಹೀರುವ ಅಲ್ಯುಮಿನಿಯಂ, ಟೈಟಾನಿಯಂಗಳು ಹೆಚ್ಚು ಭರವಸೆಯ ಸಾಕ್ಷಿಗಳು. ಹೊಲ, ರಸ್ತೆ, ದೊಡ್ಡಿ ಇವುಗಳ ನುಣುಪಾದ ಮಣ್ಣನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ, ಹಾಳೆಯ ಧೂಳಿನೊಡನೆ ಹೋಲಿಸಬೇಕು. ದೊಡ್ಡಿಯ ನೆಲದ ಮಣ್ಣೇ ಗೊರಸಿನಿಂದೆದ್ದಿದ್ದರೆ ಅದೂ ದೊಡ್ಡಿಯ ಲೆಕ್ಕಕ್ಕೇ ಸೇರತಕ್ಕದ್ದು.

ವೇಳೆಯ ವಿಚಾರ:— ಇಡೀ ದಿನದ ಸರಾಸರಿಯು ನಿಜಸ್ಥಿತಿಯನ್ನು ಮರೆಮಾಡಬಹುದು. ಹಗಲಿನ ಬಿಸಿಲು ತಗ್ಗಿದೊಡನೆ ದನಗಳು ಎದ್ದು ಓಡಾಡುವುವು. ಅದೇ ವೇಳೆಗೆ ಗಾಳಿಯು ನಿಶ್ಚಲವಾಗಿ ಧೂಳು ಮೇಲೇರದೆ ನೆಲದ ಸಮೀಪದಲ್ಲಿಯೇ ನಿಲ್ಲುವುದು. ಆದಕಾರಣ ಗಂಟೆಗಂಟೆಯ ಅಳತೆಯೂ ಅವಶ್ಯಕ.

ಪರಿಹಾರ:— ಸಡಿಲವಾದ ಒಣ ಸಗಣಿಯನ್ನು ಆಗಾಗ್ಗೆ ಕೆರೆದು ತೆಗೆಯಬೇಕು. ಸಂಜೆಗೆ ಮುಂಚೆ ನೀರು ಚಿಮುಕಿಸಬೇಕು. ನೆಲದ ಸಗಣಿಯಲ್ಲಿ ನೂರು ಭಾಗಕ್ಕೆ 25ರಿಂದ 40 ಭಾಗ ತೇವವಿರುವುದು ಮೇಲು. ಅದಕ್ಕೆ ಕಡಿಮೆಯಾದರೆ ಧೂಳು, ಹೆಚ್ಚಾದರೆ ದುರ್ವಾಸನೆ ಮತ್ತು ನೊಣಗಳ ಬಾಧೆ.

ದೊಡ್ಡ ಪ್ರಮಾಣದಲ್ಲಿ ದನಗಳನ್ನು ಸಾಕಲುದ್ದೇಶಿಸುವ ಜಮೀನುದಾರರು ಊರಿನ ಮೇಲ್ಗಾಳಿಯ ಕಡೆಗೆ ದೊಡ್ಡಿಯನ್ನು ಕಟ್ಟಬಾರದು. ದೂರು ಬಂದಾಗ ಗ್ರಾಮದ ಮುಖ್ಯಸ್ಥರು ಎರಡು ಕಡೆಯ ಅಳತೆಯನ್ನೂ ಕೇಳಿಯೇ ತೀರ್ಮಾನಿಸತಕ್ಕದ್ದು. ಒಂದೇ ಕಡೆಯ ಅಳತೆಯು ಒಂದೇ ಕಡೆಯ ಸಾಕ್ಷಿಯಂತೆ. ಅದರಿಂದ ನ್ಯಾಯವು ದೊರೆಯಲಾರದು.