ಒಡಿಶಾದ ಹೆಜ್ಜೆ, ಸಿಂಹಳದ ಹೆಜ್ಜೆ

ಬೆಂಗಳೂರಿನಿಂದ ಸುಮಾರು 30 ಕಿಲೋಮೀಟರ್ ದೂರದ ಹೆಸರಘಟ್ಟದಲ್ಲಿ ನೃತ್ಯಕ್ಕೆಂದೇ ಕಟ್ಟಿದ ಒಂದು ಪುಟ್ಟ ಹಳ್ಳಿಯಿದೆ. ಅದರ ಹೆಸರೇ ‘ನೃತ್ಯಗ್ರಾಮ’. ಒಡಿಸ್ಸಿ ಕಲಾವಿದೆ ಪ್ರೊತಿಮಾ ಬೇಡಿ 1990ರಲ್ಲಿ ಇದನ್ನು ಆರಂಭಿಸಿದರು. ಗುರುವಿನ ಜೊತೆಯಲ್ಲೇ ಇದ್ದು ಕಲಿಯುವ ಹಳೆಯ ಗುರುಕುಲದ ಕ್ರಮ ಇಲ್ಲಿನದು. ಸುತ್ತಲಿನ ಹಳ್ಳಿಯ ಮಕ್ಕಳಿಗೂ ಇಲ್ಲಿ ಪಾಠ ಸಿಕ್ಕಿತು. ಹಾಗೆ ಕಲಿಯಲು ಬಂದ ಪವಿತ್ರಾ ರೆಡ್ಡಿ ಎಂಬ ಹುಡುಗಿ ಮುಂದೆ ಇದೇ ತಂಡದ ಪ್ರಮುಖ ನರ್ತಕಿಯಾಗಿ ದೇಶವಿದೇಶ ಸುತ್ತಿದರು.

2012ರಲ್ಲಿ ಈ ತಂಡ ಶ್ರೀಲಂಕಾದ ‘ಚಿತ್ರಸೇನ’ ನೃತ್ಯ ತಂಡದ ಜೊತೆ ಸೇರಿ ‘ಸಂಹಾರ’ ಎಂಬ ಪ್ರಯೋಗ ಮಾಡಿತು. ಒಂದೇ ರಂಗದ ಮೇಲೆ ನಮ್ಮ ಒಡಿಸ್ಸಿ, ಅವರ ಕ್ಯಾಂಡಿಯನ್ ನೃತ್ಯ.

ನಾನು ನೃತ್ಯ ಕಲಿತವನಲ್ಲ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದವನು. ಈ ಸಂಗತಿ ನನ್ನ ಮನಸ್ಸನ್ನು ಹಿಡಿದದ್ದಕ್ಕೆ ಕಾರಣವಿದೆ. ಪಾರ್ಕಿನಲ್ಲಿ ನನ್ನ ವಯಸ್ಸಿನ ಗೆಳೆಯರು, “ಈಗಿನದೆಲ್ಲ ಕಲಬೆರಕೆ, ನಮ್ಮ ಕಲೆ ಕೆಟ್ಟಿತು” ಎನ್ನುತ್ತಾರೆ. ಮನೆಯಲ್ಲಿ ಮೊಮ್ಮಗಳು, “ತಾತ, ಎರಡು ಡ್ಯಾನ್ಸ್ ಸೇರಿಸಿದರೆ ತಪ್ಪೇನು?” ಎಂದು ಕೇಳುತ್ತಾಳೆ. ಎರಡೂ ಕಡೆಯ ಮಾತಿನಲ್ಲಿ ಒಂದಿಷ್ಟು ನಿಜವಿದೆ ಎಂದು ನನಗೆ ಅನ್ನಿಸುತ್ತದೆ.

ಮಕ್ಕಳೇ, ಮೊದಲು ಆ ಎರಡು ನೃತ್ಯಗಳ ಪರಿಚಯ ಮಾಡಿಕೊಳ್ಳೋಣ. ಒಡಿಸ್ಸಿಯಲ್ಲಿ ಎರಡು ಮುಖ್ಯ ನಿಲುವುಗಳು. ಒಂದು ‘ಚೌಕ’. ಮಂಡಿ ಬಾಗಿಸಿ, ಕೈಗಳನ್ನು ಎರಡೂ ಕಡೆ ಸಮನಾಗಿ ಚಾಚಿ, ಪುರಿಯ ಜಗನ್ನಾಥನ ಹಾಗೆ ಚೌಕಾಕಾರವಾಗಿ ನಿಲ್ಲುವುದು. ಇನ್ನೊಂದು ‘ತ್ರಿಭಂಗಿ’. ಕೊಳಲೂದುವ ಕೃಷ್ಣನ ಚಿತ್ರ ನೋಡಿದ್ದೀರಲ್ಲ, ಹಾಗೆ ಕತ್ತು, ನಡು, ಮಂಡಿ ಮೂರು ಕಡೆ ಬಳುಕಿರುತ್ತದೆ. ಕಾಲು ತಾಳ ಹಾಕುತ್ತಿದ್ದರೂ ಮೇಲಿನ ದೇಹ ನಿಧಾನವಾಗಿ ಅಲೆಯಂತೆ ತೂಗುತ್ತದೆ.

ಕ್ಯಾಂಡಿಯನ್ ನೃತ್ಯಕ್ಕೆ ಸಿಂಹಳ ಭಾಷೆಯಲ್ಲಿ ‘ಉಡರಟ’ ನೃತ್ಯ ಎನ್ನುತ್ತಾರೆ. ಉಡರಟ ಎಂದರೆ ಮೇಲಿನ ನಾಡು, ಅಂದರೆ ಅವರ ಮಲೆನಾಡು. ಇಲ್ಲಿಯೂ ಮಂಡಿ ಬಾಗುತ್ತದೆ, ಆದರೆ ಬೆನ್ನು ಕಂಬದಂತೆ ನೆಟ್ಟಗೆ. ಕೈಗಳು ಭುಜದ ಮಟ್ಟದಲ್ಲಿ ಬಿಗಿಯಾಗಿರುತ್ತವೆ. ನೆಗೆತ, ಗಿರಕಿ, ಗಟ್ಟಿ ಹೆಜ್ಜೆ ಹೆಚ್ಚು. ಸೊಂಟಕ್ಕೆ ಕಟ್ಟಿಕೊಂಡು ಬಾರಿಸುವ ‘ಗೆಟ ಬೆರಯ’ ಎಂಬ ಮದ್ದಳೆಯೇ ಇದರ ಪ್ರಾಣ. ಅದರ ಎರಡು ಮುಖಕ್ಕೆ ಬೇರೆ ಬೇರೆ ಚರ್ಮ, ಆದ್ದರಿಂದ ನಾದವೂ ಬೇರೆ. ರಾತ್ರಿಯಿಡೀ ನಡೆಯುವ ‘ಕೊಹೊಂಬ ಕಂಕಾರಿಯ’ ಎಂಬ ಪೂಜಾವಿಧಿಯಲ್ಲಿ ಗಂಡಸರು ಮಾತ್ರ ಕುಣಿಯುತ್ತಿದ್ದ ನೃತ್ಯ ಇದು. ಮುಖ್ಯ ನರ್ತಕನ ಕಿರೀಟ, ಆಭರಣಗಳ ಉಡುಗೆಗೆ ‘ವೆಸ್’ ಎಂದು ಹೆಸರು. ನಮ್ಮ ಯಕ್ಷಗಾನದ ‘ವೇಷ’ ನೆನಪಾಯಿತೇ?

ಒಂದು ಬಳುಕುವ ನೃತ್ಯ, ಇನ್ನೊಂದು ಬಿಗಿಯುವ ನೃತ್ಯ. ಇವು ಕೂಡುವುದು ಹೇಗೆ? ‘ಸಂಹಾರ’ದ ನೃತ್ಯ ಸಂಯೋಜನೆ ನೃತ್ಯಗ್ರಾಮದ ಸುರೂಪಾ ಸೇನ್ ಅವರದು, ಕ್ಯಾಂಡಿಯನ್ ಭಾಗದ ಹೊಣೆ ಚಿತ್ರಸೇನರ ಮೊಮ್ಮಗಳು ಹೇಷ್ಮಾ ವಿಘ್ನರಾಜ ಅವರದು. ಒಡಿಸ್ಸಿಯವರು ಒಡಿಸ್ಸಿಯನ್ನೇ ಆಡಿದರು, ಲಂಕೆಯವರು ತಮ್ಮದನ್ನೇ ಆಡಿದರು. ಇಬ್ಬರೂ ಬಲ್ಲ ಆ ಬಾಗಿದ ಮಂಡಿ ಅವರ ನಡುವಿನ ಸೇತುವೆ. ಒಂದೇ ತಾಳಕ್ಕೆ ಒಬ್ಬಳ ನಡು ತೂಗಿದಾಗ ಪಕ್ಕದವಳ ಬೆನ್ನಿನ ನೆಟ್ಟಗಿನ ಚೆಲುವು ಎದ್ದು ಕಾಣುತ್ತದೆ. ಇವಳ ನೆಗೆತ ನೋಡಿದ ಕಣ್ಣಿಗೆ ಅವಳ ಬಳುಕು ಇನ್ನಷ್ಟು ಮೃದುವಾಗಿ ತೋರುತ್ತದೆ. ಈ ಗೆಳೆತನ ಒಂದು ಪ್ರಯೋಗಕ್ಕೆ ಮುಗಿಯಲಿಲ್ಲ. 2019ರಲ್ಲಿ ಎರಡೂ ತಂಡಗಳು ಸೇರಿ ‘ಆಹುತಿ’ ರೂಪಿಸಿದವು. ಅದರಲ್ಲಿ ಲಂಕೆಯ ಪುರುಷ ನರ್ತಕರೂ ಇದ್ದರು.

ಈಗ ನನ್ನ ಪಾರ್ಕಿನ ಗೆಳೆಯರ ಮಾತಿಗೆ ಬರೋಣ. ‘ಶುದ್ಧ’ ಎಂದು ನಾವು ಕರೆಯುವ ಒಡಿಸ್ಸಿಗೂ ಒಂದು ಕಥೆಯಿದೆ. ದೇವಾಲಯದ ಮಹಾರಿಯರ ನೃತ್ಯ, ಹೆಣ್ಣುವೇಷ ಹಾಕಿ ಕುಣಿಯುವ ಗೋಟಿಪುವ ಹುಡುಗರ ನೃತ್ಯ, ಗುಡಿಯ ಗೋಡೆಯ ಶಿಲ್ಪಗಳು, ಇವನ್ನೆಲ್ಲ ನೋಡಿ, ಚರ್ಚಿಸಿ, ಇಂದಿನ ರೂಪಕ್ಕೆ ತಂದವರು 1950ರ ದಶಕದ ಗುರುಗಳು. ಕೇಳುಚರಣ ಮಹಾಪಾತ್ರ ಅವರಲ್ಲೊಬ್ಬರು. ಅವರೇ ಬಾಲ್ಯದಲ್ಲಿ ಗೋಟಿಪುವ ಕಲಿತವರು.

ಲಂಕೆಯ ಕಥೆಯೂ ಹೀಗೆಯೇ. ಚಿತ್ರಸೇನರು (1921–2005) ಊರಿನ ಪರಂಪರೆಯ ಗುರುಗಳ ಬಳಿ ಕಲಿತರು. ಭಾರತಕ್ಕೆ ಬಂದು ಕಥಕ್ಕಳಿ ಅಭ್ಯಾಸ ಮಾಡಿದರು, ಶಾಂತಿನಿಕೇತನದಲ್ಲೂ ಕಲಿತರು. ಆಮೇಲೆ ಪೂಜೆಯ ಅಂಗಳದ ನೃತ್ಯವನ್ನು ನಾಟಕಶಾಲೆಯ ರಂಗಕ್ಕೆ ತಂದರು. ಅವರ ಪತ್ನಿ ವಜಿರಾ, ಗಂಡಸರದ್ದೇ ಆಗಿದ್ದ ಆ ನೃತ್ಯವನ್ನು ವೃತ್ತಿಯಾಗಿ ಕೈಗೊಂಡ ಮೊದಲ ಮಹಿಳೆ ಎಂದು ಹೆಸರಾದರು. ಅವರು ಆ ಹೆಜ್ಜೆ ಇಡದಿದ್ದರೆ ‘ಸಂಹಾರ’ದಲ್ಲಿ ಕುಣಿದ ಲಂಕೆಯ ಹುಡುಗಿಯರೇ ಇರುತ್ತಿರಲಿಲ್ಲ.

ಹಾಗೆಂದು ಹಿರಿಯರ ಆತಂಕ ಸುಳ್ಳಲ್ಲ. ರಂಗಕ್ಕೆ ಬಂದ ನೃತ್ಯ ಇರುಳಿಡೀ ನಡೆಯುವ ಪೂಜೆಯಾಗಿ ಉಳಿಯುವುದಿಲ್ಲ. ಹತ್ತು ನಿಮಿಷದಲ್ಲಿ ನಾಲ್ಕು ನಾಡಿನ ಹೆಜ್ಜೆ ಕಲಸಿ, ಬಣ್ಣದ ಬಟ್ಟೆ ತೊಡಿಸಿ ‘ಫ್ಯೂಷನ್’ ಎಂದು ಕರೆದರೆ ಯಾವ ನಾಡಿಗೂ ಗೌರವ ಸಿಗುವುದಿಲ್ಲ. ತಲೆತಲಾಂತರದಿಂದ ಮದ್ದಳೆ ಬಾರಿಸಿ ಬದುಕಿದ ಕುಟುಂಬದ ಹೆಸರು ಎಲ್ಲಿಯೂ ಬರದೆ ಹೋಗುತ್ತದೆ.

ಬ್ಯಾಂಕಿನವನಾದ ನನಗೆ ಇದು ಸಾಲದ ಲೆಕ್ಕದಂತೆ ಕಾಣುತ್ತದೆ. ಸಾಲ ಪಡೆಯುವುದು ತಪ್ಪಲ್ಲ. ಆದರೆ ಯಾರಿಂದ ಪಡೆದೆವು ಎಂದು ಪುಸ್ತಕದಲ್ಲಿ ಬರೆದಿರಬೇಕು, ಮರಳಿ ಏನು ಕೊಟ್ಟೆವು ಎಂಬುದೂ ಬರೆದಿರಬೇಕು. ಹೆಸರಘಟ್ಟದಲ್ಲಿ ಲಂಕೆಯ ನೃತ್ಯವನ್ನು ದೂರದಿಂದ ನೋಡಿ ನಕಲು ಮಾಡಲಿಲ್ಲ. ಆ ನೃತ್ಯದವರನ್ನೇ ಕರೆದು, ಜೊತೆಗೆ ಬೆವರು ಸುರಿಸಿ, ಅವರ ಹೆಸರನ್ನೂ ಸಮವಾಗಿ ಹಾಕಿದರು. ನನಗೆ ಮೆಚ್ಚುಗೆಯಾದದ್ದು ಅದೇ.

ಇನ್ನು ಅಜ್ಜ-ಅಜ್ಜಿ, ಮೊಮ್ಮಕ್ಕಳು ಕೂಡಿ ಮಾಡಬಹುದಾದ ಒಂದು ಆಟ. ಇಬ್ಬರೂ ಒಂದೇ ವೇಗದಲ್ಲಿ ಚಪ್ಪಾಳೆ ತಟ್ಟಿ. ಅಜ್ಜ 1, 2, 3 ಎಂದು ಎಣಿಸಲಿ. ಮೊಮ್ಮಗ 1, 2, 3, 4 ಎಂದು ಎಣಿಸಲಿ. ಇಬ್ಬರೂ ‘ಒಂದು’ ಎನ್ನುವಾಗ ಜೋರಾಗಿ ತಟ್ಟಬೇಕು. ಮೊದಲು ಗೊಂದಲವಾಗುತ್ತದೆ, ನಗು ಬರುತ್ತದೆ. ಲೆಕ್ಕ ಬಿಡದೆ ಮುಂದುವರಿಸಿ. 12 ಚಪ್ಪಾಳೆ ಮುಗಿದು 13ನೆಯದಕ್ಕೆ ಇಬ್ಬರ ‘ಒಂದು’ ಒಟ್ಟಿಗೆ ಬೀಳುತ್ತದೆ! ಯಾರೂ ತಮ್ಮ ಎಣಿಕೆ ಬದಲಿಸಬೇಕಾಗಿಲ್ಲ. ಅಲ್ಲಿಯವರೆಗೆ ತಾಳ್ಮೆಯಿಂದ ಎಣಿಸಬೇಕು, ಅಷ್ಟೆ.

ಮುಂದಿನ ಶಾಲಾ ವಾರ್ಷಿಕೋತ್ಸವಕ್ಕೆ ಬೇರೆ ನಾಡಿನ ಕುಣಿತ ಆರಿಸಿಕೊಂಡರೆ, ಆ ನಾಡಿನವರು ಯಾರಾದರೂ ನಿಮ್ಮ ಬೀದಿಯಲ್ಲಿ ಇದ್ದಾರೆಯೇ ಎಂದು ಮೊದಲು ಹುಡುಕಿ. ಹೆಜ್ಜೆಯ ಹೆಸರು ಕೇಳಿ, ಅದನ್ನು ಯಾವ ಹಬ್ಬಕ್ಕೆ ಕುಣಿಯುತ್ತಾರೆ ಎಂದು ಕೇಳಿ. ಕಲಿಸಿದವರ ಹೆಸರನ್ನು ಮೈಕಿನಲ್ಲಿ ಹೇಳಿಸಿ, ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ.